ಪುಟದ ತಳದಲ್ಲಿ ದುರಗವ್ವ

"ಸತ್ತವರ ಪುಟಾನೂ ಉಳಿಸಾಕ ಬರತೈತೇನ್ರಿ?"

ಬಾಗಿಲಲ್ಲಿ ನಿಂತವನ ಮಾತಿಗೆ ಮಲ್ಲಿಕಾಳ ಬೆರಳು ಕೀಬೋರ್ಡಿನ ಮೇಲೆಯೇ ತಡೆದು ನಿಂತವು.

ಮಧ್ಯಾಹ್ನ ಎರಡು ಗಂಟೆ. ಅಕ್ಕಿಆಲೂರಿನ ಬಸ್ ನಿಲ್ದಾಣದ ಹಿಂದೆ, ಅವಳ ಕಂಪ್ಯೂಟರ್ ಸೆಂಟರ್ ಇದ್ದ ಓಣಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಎದುರಿನ ಅಕ್ಕಿ ಗಿರಣಿ ಒಂದೇ ಸಮನೆ ಧಡ್… ಧಡ್… ಎನ್ನುತ್ತಿತ್ತು. ಬಿಸಿಲಿನಲ್ಲಿ ಹೊಟ್ಟಿನ ಧೂಳು ತೇಲುತ್ತಿತ್ತು. ಆ ಧೂಳಿನ ನಡುವೆ ನಿಂತ ಅವನ ಮುಖ ಆಕೆಗೆ ಸರಿಯಾಗಿ ಕಾಣಲಿಲ್ಲ. ಕಂಡದ್ದು ಅವನ ಕೈ ಮಾತ್ರ. ಬೆರಳ ತುದಿಗಳೆಲ್ಲ ಅರಿಶಿನ ಮುಟ್ಟಿದಂತೆ ಹಳದಿ!

"ಏನಂದ್ರಿ?" ಎಂದಳು ಮಲ್ಲಿಕಾ.

"ನನ್ನ ತಂಗಿ ರೀ. ದುರಗವ್ವ. ಆಕಿ ಇಂಟರ್ನೆಟ್ಟಿನ್ಯಾಗ ಬರದಿದ್ಲು. ಆಕಿ ತೀರಿಕೊಂಡು ಎರಡ ವರ್ಷ ಆತು. ಈಗ ಆ ಕಂಪನಿಯವರು ಈ ತಿಂಗಳ ಮೂವತ್ತಕ್ಕ ಎಲ್ಲಾ ಬಂದ್ ಮಾಡ್ತಾರಂತ. ಅಳಿಸಿ ಹಾಕ್ತಾರಂತ."

ಅವನು ಒಳಗೆ ಬಂದು ಫೋನ್ ಮುಂದೆ ಹಿಡಿದ. ಆಗ ಮುಖ ಕಂಡಿತು. ಮೂವತ್ತರ ಒಳಗಿನ ವಯಸ್ಸು. ನಿದ್ದೆಯಿಲ್ಲದ ಕಣ್ಣುಗಳು. ಆ ಕಣ್ಣುಗಳನ್ನು ನೋಡಿದ ಮೇಲೆ ಆಗುವುದಿಲ್ಲ ಎನ್ನಲು ಮಲ್ಲಿಕಾಳಿಗೆ ಬಾಯಿ ಬರಲಿಲ್ಲ.

"ಪಾಸ್‌ವರ್ಡ್ ಗೊತ್ತೈತೇನ್ರಿ?"

"ಅದು ಆಕಿ ಕೂಡನ ಹೋತು."

"ಹಂಗಾದ್ರ ಒಂದ ದಾರಿ ಐತಿ. ಒಂದೊಂದ ಪುಟಾನೂ ತಲಿಯಿಂದ ತಳದತನಕ ಒಂದ ಫೋಟೋದಾಗ ಹಿಡಿಯೋ ಸಾಫ್ಟ್‌ವೇರ್ ಐತಿ ನನ್ನ ಕಡೆ. ಪುಟ ಎಷ್ಟರ ಉದ್ದ ಇರಲಿ, ಒಂದ ಚಿತ್ರ ಆಗತೈತಿ. ಎಷ್ಟ ಪುಟ ಅದಾವು?"

"ಅರವತ್ತೊಂದು."

ಮಲ್ಲಿಕಾ ಲೆಕ್ಕ ಹಾಕಿದಳು. ಒಂದೊಂದು ಪುಟದಲ್ಲೂ ಇಪ್ಪತ್ತು ಮೂವತ್ತು ಫೋಟೋ. ಓಣಿಯ ನೆಟ್ಟು ಎತ್ತಿನ ಬಂಡಿಯಂತೆ ನಡೆಯುತ್ತದೆ. ಚಿತ್ರಗಳು ಪೂರ್ತಿ ಮೂಡುವ ಮೊದಲೇ ಹಿಡಿದರೆ ಅಲ್ಲಲ್ಲಿ ಬರೀ ಬಿಳಿ ಚೌಕ ಉಳಿಯುತ್ತವೆ. ದಿನಕ್ಕೆ ಏಳೆಂಟು ಪುಟ ಆದರೆ ಹೆಚ್ಚು.

"ಮಾತ ಕೇಳಿದ್ರ ಹಿರೇಕೆರೂರು ಕಡೆಯವರು ಅನಸ್ತೈತಿ. ಅಲ್ಲಿ ಸೆಂಟರ್ ಇಲ್ಲೇನ್ರಿ?"

"ಅದಾವ್ರಿ…" ಅವನು ನೆಲ ನೋಡಿದ. "ಅಲ್ಲಿ ಬ್ಯಾಡ."

ಅವನ ಹೆಸರು ಶಿವಾನಂದ. ಊರು ಅಬಲೂರು. ಟೊಮೇಟೊ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡಿಸುವ ಕೆಲಸ. ಗಂಡು ಗಿಡದ ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಬೆರಳಿನಿಂದ ಮುಟ್ಟಿಸುವುದು. ಹಳದಿ ಬೆರಳಿನ ಗುಟ್ಟು ಅಷ್ಟೇ ಎಂದು ತಿಳಿದಾಗ ಮಲ್ಲಿಕಾಳಿಗೆ ತನ್ನ ಹೆದರಿಕೆಗೆ ತಾನೇ ನಗು ಬಂತು.

ಆದರೆ ನಗುವ ಕಾಲ ಬಹಳ ಹೊತ್ತು ಇರಲಿಲ್ಲ…

ಅವನು ಚಾ ಕುಡಿಯಲು ಹೋದ. ಮಲ್ಲಿಕಾ ಪುಟ ತೆರೆದಳು. ದುರಗವ್ವ ಊರೂರು ತಿರುಗಿ ಕೌದಿಗಳ ಫೋಟೋ ತೆಗೆದಿದ್ದಳು. ಯಾವ ಅಜ್ಜಿ ಹೊಲಿದದ್ದು, ಯಾವ ತುಂಡು ಯಾರ ಮದುವೆಯ ಸೀರೆಯದು, ಯಾವುದು ತೊಟ್ಟಿಲ ಬಟ್ಟೆಯದು ಎಂದೆಲ್ಲ ಪ್ರೀತಿಯಿಂದ ಬರೆದಿದ್ದಳು. ಹೊಸ ಪುಟ ಮೊದಲು, ಹಳೆಯದು ಕೊನೆಗೆ. ಎಲ್ಲಕ್ಕಿಂತ ಹೊಸದಾದ ಅರವತ್ತೊಂದನೆಯದರಿಂದ ಶುರು ಮಾಡಬೇಕು.

ಗುಂಡಿ ಒತ್ತಿದಳು. ಪರದೆ ತಾನೇ ಕೆಳಗೆ ಜಾರತೊಡಗಿತು. ಸಾಫ್ಟ್‌ವೇರ್ ಕೆಲಸ ಮಾಡುವುದೇ ಹಾಗೆ, ದಿನಾ ನೋಡಿದ್ದೇ. ಆದರೂ ಇಂದು ಯಾರೋ ಪಕ್ಕದಲ್ಲಿ ಕುಳಿತು ಕಾಣದ ಬೆರಳಿನಿಂದ ಪುಟ ಸರಿಸುತ್ತಿರುವಂತೆ ಅನಿಸಿತು.

ಚಿತ್ರ ಸಿದ್ಧವಾಯಿತು. ತೆರೆದು ತಳದವರೆಗೆ ನೋಡಿದಳು. ಬರಹ ಮುಗಿಯಿತು. ಆಮೇಲೆ ಖಾಲಿ ಬಿಳಿ. ಇನ್ನೂ ಬಿಳಿ. ಎಲ್ಲಕ್ಕಿಂತ ಕೆಳಗೆ, ಒಂದೇ ಒಂದು ಸಾಲು…

'ಮಂಗಳವಾರ, ಎರಡು ಗಂಟಿ ಹತ್ತೊಂಬತ್ತು ನಿಮಿಷಕ್ಕ ಬಂದಿ. ಇಲ್ಲಿತನಕ ಯಾರೂ ಬಂದಿದ್ದಿಲ್ಲ.'

ಮಲ್ಲಿಕಾ ಗೋಡೆಯ ಗಡಿಯಾರ ನೋಡಿದಳು.

ಮಂಗಳವಾರ. ಎರಡು ಗಂಟೆ ಇಪ್ಪತ್ತು ನಿಮಿಷ!

ಮತ್ತೆ ಮೂಲ ಪುಟಕ್ಕೆ ಹೋಗಿ ಕೆಳಗೆ ಸರಿಸಿದಳು. ಬರಹ ಮುಗಿದಲ್ಲೇ ಪುಟ ಮುಗಿಯುತ್ತಿತ್ತು. ಆ ಸಾಲು ಎಲ್ಲೂ ಇಲ್ಲ. ಚಿತ್ರದಲ್ಲಿ ಮಾತ್ರ ಇದೆ.

"ಯಾರ ನೀನು…?" ಅವಳ ಬಾಯಿಂದ ತಾನಾಗಿಯೇ ಬಂತು.

ಅರವತ್ತನೆಯ ಪುಟ ಹಿಡಿದಳು. ನೇರ ತಳಕ್ಕೇ ಹೋದಳು.

'ಹೆಸರು ಮ್ಯಾಲ ಬರದೇನಲ್ಲ. ನೋಡಲಿಲ್ಲೇನು?'

ಮಲ್ಲಿಕಾ ಕುರ್ಚಿಯಿಂದ ಎದ್ದೇಬಿಟ್ಟಳು! ಗಿರಣಿಯ ಸದ್ದು ಅದೇ ಹೊತ್ತಿಗೆ ನಿಂತಿತು. ಕರೆಂಟ್ ಹೋಗಿತ್ತು. ಬ್ಯಾಟರಿಯ ಮೇಲೆ ಕಂಪ್ಯೂಟರ್ ಮಾತ್ರ ಆ ಮಬ್ಬಿನಲ್ಲಿ ಬೆಳಗುತ್ತಿತ್ತು.

ಶಿವಾನಂದ ಮರಳಿ ಬಂದು ಕೇಳಿದ. "ಬಂತೇನ್ರಿ ಫೋಟೋ?"

"ಹಾಂ… ಬಂತು. ಇವುಗಳ ತಳದಾಗ… ನಿಮ್ಮ ತಂಗಿ ಏನರ ಬರೀತಿದ್ಲೇನ್ರಿ?"

"ಇಲ್ರಿ. ಎರಡ ವರ್ಷದಿಂದ ದಿನಾ ಓದೇನಿ. ಅಲ್ಲೇನೂ ಇಲ್ಲ." ಅವನ ದನಿ ಭಾರವಾಯಿತು. "ಯಾಕ್ರಿ?"

ಹೇಗೆ ತೋರಿಸುವುದು? ಸತ್ತ ತಂಗಿ ಗಡಿಯಾರ ನೋಡಿ ಮಾತಾಡುತ್ತಿದ್ದಾಳೆಂದು ಈ ಮನುಷ್ಯನಿಗೆ ಹೇಗೆ ಹೇಳುವುದು? ಮೊದಲೇ ಸೋತ ಮುಖ… ಮೊದಲು ಇದೇನೆಂದು ತಿಳಿಯಲಿ ಅಂದುಕೊಂಡಳು ಮಲ್ಲಿಕಾ. ಅವನಿಗೆ ಕೊಡುವ ಪ್ರತಿಯಲ್ಲಿ ತಳದ ಬಿಳಿ ಭಾಗವನ್ನು ಕತ್ತರಿಸಿಬಿಟ್ಟಳು. ಪೂರ್ತಿ ಚಿತ್ರ ತನ್ನ ಫೋಲ್ಡರಿನಲ್ಲಿ ಇಟ್ಟುಕೊಂಡಳು.

"ಏನಿಲ್ರಿ. ಸುಮ್ಮ ಕೇಳಿದೆ."

ಪಕ್ಕದ ಟೇಲರಿಂಗ್ ಅಂಗಡಿಯ ಗುಲ್ನಾರ ಈ ಸಂಗತಿ ಕೇಳಿ ಹೊಲಿಗೆ ಯಂತ್ರ ನಿಲ್ಲಿಸಿದಳು. ಮಲ್ಲಿಕಾಳ ಗುಟ್ಟುಗಳೆಲ್ಲ ಇರುವುದು ಆಕೆಯ ಬಳಿಯೇ.

"ದೆವ್ವ ಕಂಪ್ಯೂಟರಿಗೆ ಬಡದೈತೋ, ನಿನಗ ಆ ಹುಡುಗ ಬಡದಾನೋ? ಮೊದಲ ಅದನ್ನ ಹೇಳ."

"ಚಾಷ್ಟಿ ಬ್ಯಾಡವಾ ಗುಲ್ನಾರ. ನನ್ನ ಕೈ ನೋಡು, ಇನ್ನೂ ತಣ್ಣಗ ಐತಿ."

ಗುಲ್ನಾರ ಕೈ ಹಿಡಿದು ನೋಡಿದಳು. ನಗು ನಿಂತಿತು. "ಬಿಟ್ಟ ಬಿಡು ಈ ಕೆಲಸ."

ಆದರೆ ಮಲ್ಲಿಕಾ ಬಿಡಲಿಲ್ಲ. ಮೂರನೆಯ ದಿನ ಒಂದು ಉಪಾಯ ಮಾಡಿದಳು. ಕಂಪ್ಯೂಟರಿನ ಗಡಿಯಾರವನ್ನು ಬೇಕಂತಲೇ ಒಂದು ತಾಸು ಮುಂದಿಟ್ಟು ಅದೇ ಅರವತ್ತೊಂದನೆಯ ಪುಟವನ್ನು ಮತ್ತೆ ಹಿಡಿದಳು. ತಳದ ಸಾಲು ಅದೇ ತಪ್ಪು ಹೊತ್ತನ್ನು ತೋರಿಸಿತು! ಪುಟದ ಒಳಬರಹ, ಅಂದರೆ ಅದರ ಕೋಡ್, ತೆಗೆದು ನೋಡಿದಾಗ ಗೊತ್ತಾಯಿತು. ದುರಗವ್ವ ಪ್ರತಿ ಪುಟಕ್ಕೂ ಒಂದು ಎಲ್ಲೆ ಹಾಕಿದ್ದಳು. ಓದುವವರು ಕೈಯಿಂದ ಸರಿಸಿದರೆ ಆ ಎಲ್ಲೆಯ ಕೆಳಗೆ ಹೋಗುವುದಿಲ್ಲ. ಇಡೀ ಪುಟ ಅಳೆದು ಹಿಡಿಯುವ ಸಾಫ್ಟ್‌ವೇರ್ ಮಾತ್ರ ಅಲ್ಲಿಯವರೆಗೆ ಇಳಿಯುತ್ತದೆ. ಹೊತ್ತು ತೋರಿಸುವುದು ಓದುವವರ ಗಡಿಯಾರವೇ.

ಅರ್ಧ ಭಯ ಇಳಿಯಿತು. ಉಳಿದರ್ಧ ಇಳಿಯಲಿಲ್ಲ. ಯಾಕೆಂದರೆ ಮಾತುಗಳಂತೂ ಆ ಹುಡುಗಿಯವೇ. ಯಾರಿಗೂ ಕಾಣದ ಜಾಗದಲ್ಲಿ, ಯಾರಿಗಾಗಿ ಬರೆದಳು? ಯಾಕೆ ಮುಚ್ಚಿಟ್ಟಳು?

ಶಿವಾನಂದ ದಿನಾ ಬರುತ್ತಿದ್ದ. ಬೆಳಗಿನ ಕ್ರಾಸಿಂಗ್ ಮುಗಿಸಿ, ಎರಡು ಬಸ್ ಬದಲಿಸಿ ಬರುತ್ತಿದ್ದ. ಸ್ಟೂಲಿನ ಮೇಲೆ ಕುಳಿತು ಒಂದೊಂದು ಚಿತ್ರವನ್ನೂ ನೋಡುತ್ತಿದ್ದ.

"ಇದು ಸವಣೂರಿಂದು ನೋಡ್ರಿ. ಶೇಖಸಾಬರ ಮನಿ ಅಜ್ಜಿ ಹೊಲದಿದ್ದು. ನಾ ಗಾಡಿ ಹೊಡಿಯಾವ, ಆಕಿ ಫೋಟೋ ತಗಿಯಾಕಿ. ಆ ಅಜ್ಜಿ ಟ್ರಂಕಿನ ಕೀಲಿ ಕಳಕೊಂಡಿದ್ಲು. ಕೌದಿ ನೋಡಾಕಂತ ಟ್ರಂಕ ಒಡಿಸಿದ್ಲು ನಮ್ಮ ದುರಗಿ!"

"ಅಜ್ಜಿ ಬೈಲಿಲ್ಲೇನು?"

"ಬೈದ್ಲು. ಆಮ್ಯಾಲ ಬಿರ್ಯಾನಿ ಮಾಡಿ ಹಾಕಿದ್ಲು."

ಅವನು ನಕ್ಕ. ಅವನು ನಕ್ಕದ್ದನ್ನು ಮಲ್ಲಿಕಾ ನೋಡಿದ್ದು ಅದೇ ಮೊದಲು. ಮರುದಿನ ಅವನು ಹೊಲದ ಎಳೆ ಸವತೆಕಾಯಿ ತಂದ. ಅದರ ಮರುದಿನ ಮಲ್ಲಿಕಾ ಮನೆಯಿಂದ ಅವನಿಗೂ ರೊಟ್ಟಿ ಕಟ್ಟಿಸಿಕೊಂಡು ಬಂದಳು. ಎರಡು ಗಂಟೆ ಹತ್ತಿರವಾದರೆ ಕಣ್ಣು ಓಣಿಯ ತಿರುವಿಗೇ ಹೋಗುತ್ತಿದ್ದವು.

ಆದರೆ ಅವನು ಎದ್ದು ಹೋದ ಮೇಲೆ, ಒಬ್ಬಳೇ ಕುಳಿತು ತಳದ ಸಾಲು ಓದುವಾಗ…

'ಇವತ್ತೂ ನಾ ಹೊರಗ ಬರಲಿಲ್ಲ. ಹನ್ನೆರಡ ದಿನ ಆತು.'

'ಗೆಳತ್ಯಾರು ಬಂದಿದ್ರು. ಅಣ್ಣ ಅಂಗಳದಾಗಿಂದನ ಹಿಂದಕ್ಕ ಕಳಿಸಿದ. ನಾ ಕೂಗಲಿಲ್ಲ.'

'ಅಣ್ಣ ಹೊರಗ ಚಿಲಕಾ ಹಾಕ್ಯಾನ. ಕದದ ಆಚಿ ಕುಂತಾನ. ಅವನ ಉಸಿರು ಕೇಳತೈತಿ.'

ಮಲ್ಲಿಕಾ ತನ್ನ ದಾವಣಿಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. ಯಾವ ಕೈ ನನಗೆ ಸವತೆಕಾಯಿ ಹೆಚ್ಚಿ ಕೊಟ್ಟಿತೋ ಆ ಕೈ… ತಂಗಿಯನ್ನು ಕೂಡಿ ಹಾಕಿತ್ತೇ?

ಆರನೆಯ ದಿನ ಹಿರೇಕೆರೂರು ಕಡೆಯ ಗೋವಿನಜೋಳದ ವ್ಯಾಪಾರಿ ಕರಬಸಪ್ಪ ಹೊಲದ ಉತಾರ, ಅಂದರೆ ಪಹಣಿ, ತೆಗೆಸಲು ಬಂದಿದ್ದ. ಅಂಗಡಿಯಿಂದ ಇಳಿದು ಹೋಗುತ್ತಿದ್ದ ಶಿವಾನಂದನನ್ನು ಕಂಡು ಹುಬ್ಬೇರಿಸಿದ.

"ಇವ ಇಲ್ಲಿಗೂ ಬರ್ತಾನೇನವಾ?"

"ಗೊತ್ತೇನ್ರಿ ಅವರು?"

"ಆ ಕಡೆ ಯಾರಿಗೆ ಗೊತ್ತಿಲ್ಲ? ಅವ್ವ ಅಪ್ಪ ಇಲ್ಲದ ತಂಗೀನ ಎರಡ ತಿಂಗಳ ಖೋಲ್ಯಾಗ ಹಾಕಿ ಕೀಲಿ ಜಡಿದಿದ್ದ. ಹುಡುಗಿ ಹೊರಗ ಬಂದಿದ್ದು ಹೆಣಾ ಆಗಿ. ಪ್ರೀತಿ ಗೀತಿ ಅಂತ ಏನೋ ಇತ್ತಂತ. ಯಾಕಂತ ಕೇಳಿದ್ರ ಇವ ಬಾಯಿನ ಬಿಡಂಗಿಲ್ಲ."

ಉತಾರದ ಹಾಳೆ ಪ್ರಿಂಟರಿನಿಂದ ಹೊರಬಂತು. ಅದನ್ನು ಎತ್ತಿ ಕೊಡಲು ಮಲ್ಲಿಕಾಳಿಗೆ ಕೈ ಏಳಲಿಲ್ಲ.

ಜನರ ಮಾತು ಏನು ಮಾಡಬಲ್ಲದು ಎಂಬುದು ಆಕೆಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಶಿಗ್ಗಾವಿಯ ಹುಡುಗನ ಜೊತೆ ಅವಳ ನಿಶ್ಚಿತಾರ್ಥ ಆಗಿತ್ತು. 'ಆಕಿ ದಿನಾ ಗಂಡಸರ ನಡುವ ಕುಂತಿರ್ತಾಳ' ಎಂದು ಯಾರೋ ಹೇಳಿದರು. ಸಂಬಂಧ ಮುರಿದೇ ಹೋಯಿತು. ನಿಜವೇನೆಂದು ಒಬ್ಬರೂ ಆಕೆಯನ್ನು ಕೇಳಲಿಲ್ಲ.

ನಾನಾದರೂ ಕೇಳುತ್ತೇನೆ ಎಂದು ನಿಶ್ಚಯಿಸಿದಳು. ಮರುದಿನ ಅವನು ಬಂದು ಕುಳಿತೊಡನೆ ಕೇಳಿಯೂ ಬಿಟ್ಟಳು.

"ನಿಮ್ಮ ತಂಗಿ ಹೆಂಗ ತೀರಿಕೊಂಡ್ಲು?"

"ಅದನ್ನ ಹೇಳಾಕ ಬರಂಗಿಲ್ರಿ."

"ಖೋಲಿಗೆ ಚಿಲಕಾ ಹಾಕಿದ್ರಿ. ಹೌದೋ ಅಲ್ಲೋ?"

"…ಹೌದು."

"ಹೊರಗಿಂದ?"

"ಹೊರಗಿಂದ."

"ಯಾಕ?!"

ಅವನು ಹಳದಿ ಬೆರಳುಗಳನ್ನು ಮಡಚಿಕೊಂಡು ನೆಲ ನೋಡಿದ. ಗಿರಣಿ ಧಡ್… ಧಡ್… ಎನ್ನುತ್ತಿತ್ತು. ಇಲ್ಲ ಎನ್ನು… ಒಂದು ಸಲ ಸುಳ್ಳಾದರೂ ಹೇಳು… ಎಂದು ಮಲ್ಲಿಕಾಳ ಮನಸ್ಸು ಬೇಡಿಕೊಳ್ಳುತ್ತಿತ್ತು. ಅವನು ಬಾಯಿ ತೆರೆಯಲಿಲ್ಲ.

"ಎದ್ದ ಹೋಗ್ರಿ! ಇನ್ನ ಬರಬ್ಯಾಡ್ರಿ ಇಲ್ಲಿಗೆ!"

ಅವನು ಎದ್ದ. ಸಿಟ್ಟಾಗಲಿಲ್ಲ. ಬಾಗಿಲ ತನಕ ಹೋಗಿ ತಿರುಗಿದ. "ಇನ್ನ ಹದಿನೇಳ ಪುಟ ಉಳದಾವ್ರಿ. ಅವನ್ನಷ್ಟ ಹಿಡೀರಿ. ನನಗ ಕೊಡಬ್ಯಾಡ್ರಿ. ನಿಮ್ಮ ಹಂತೇಕ ಇರಲಿ. ಎಲ್ಲೋ ಒಂದ ಕಡೆ ಉಳದ್ರ ಸಾಕು."

ಧೂಳಿನಲ್ಲಿ ಅವನ ಬೆನ್ನು ಕರಗಿಹೋಯಿತು. ಮಲ್ಲಿಕಾ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಯಾರಿಗಾಗಿ ಅಳುತ್ತಿದ್ದೇನೆ? ಸತ್ತವಳಿಗಾಗಿಯೋ? ಹೋದವನಿಗಾಗಿಯೋ?

ಎರಡು ದಿನ ಆ ಫೋಲ್ಡರನ್ನು ಮುಟ್ಟಲಿಲ್ಲ. ಮೂವತ್ತನೆಯ ತಾರೀಖು ಬಂತು. ಇಂದು ರಾತ್ರಿಗೆ ಎಲ್ಲ ಅಳಿಸಿಹೋಗುತ್ತದೆ. ಬೆಳಿಗ್ಗೆ ಎಂಟಕ್ಕೇ ಅಂಗಡಿ ತೆರೆದು, ಶಟರನ್ನು ಅರ್ಧ ಎಳೆದುಕೊಂಡು ಕುಳಿತಳು. ಅವನ ಮೇಲೆ ಸಾಕ್ಷಿ ಸಿಗಲಿ ಎಂಬ ಹಟ ಒಂದು ಕಡೆ. ಸಿಗದಿರಲಿ ಎಂಬ ಆಸೆ ಇನ್ನೊಂದು ಕಡೆ.

ಪರದೆ ತಾನೇ ಜಾರಿತು. ಹದಿನೇಳು. ಹದಿನಾರು. ಶಟರಿನ ಕೆಳಗಿನಿಂದ ಬಂದ ಬಿಸಿಲು ಕಾಲಿಗೆ ತಾಗುತ್ತಿದ್ದರೂ ಪಾದ ತಣ್ಣಗಿದ್ದವು. ಹಿಂದೆ ಯಾರೋ ನಿಂತು ತನ್ನ ಭುಜದ ಮೇಲಿಂದ ಓದುತ್ತಿರುವಂತೆ… ತಿರುಗಿ ನೋಡಲು ಧೈರ್ಯ ಬರಲಿಲ್ಲ.

ಹದಿನಾಲ್ಕನೆಯ ಪುಟದ ತಳ.

'ಹುಬ್ಬಳ್ಳಿ ದವಾಖಾನ್ಯಾಗ ಆವಾಗನ ಹೇಳಿದ್ರು. ನನ್ನ ಮೈಯಾಗ ರಕ್ತಾ ತಯಾರ ಆಗವಲ್ದಂತ. ಸಣ್ಣ ನೆಗಡಿ ಹತ್ತಿದ್ರೂ ಉಳಿಯಂಗಿಲ್ಲಂತ. ಯಾರೂ ಹತ್ರ ಬರಬಾರದಂತ.'

ಹನ್ನೊಂದನೆಯದು.

'ಒಳಗ ಚಿಲಕಾ ಹಾಕಿದ್ರ ನನಗ ಎದ್ದು ತಗಿಯಾಕ ಆಗಂಗಿಲ್ಲ. ಹಾಕದಿದ್ರ ಓಣಿ ಮಂದಿ ಎಲ್ಲಾ ಒಳಗ ನುಗ್ಗತಾರ. ಹೊರಗ ಹಾಕು ಅಂತ ನಾನ ಅಣ್ಣಗ ಹೇಳೇನಿ. ಅವ ಅಳಕೋತ ಹಾಕಿದ.'

ಏಳನೆಯದು.

'ಮನಿತನದಾಗ ಇಂಥಾ ಜಡ್ಡ ಐತಿ ಅಂದ್ರ ಅಣ್ಣಗ ಯಾರ ಹೆಣ್ಣ ಕೊಡ್ತಾರ? ನಾ ಸತ್ತರೂ ಯಾರ ಮುಂದೂ ಹೇಳಂಗಿಲ್ಲ ಅಂತ ಮಾತ ಇಸಗೊಂಡೇನಿ. ತಲಿ ಮ್ಯಾಲ ಕೈ ಇಡಿಸಿ ಇಸಗೊಂಡೇನಿ.'

"ಅಯ್ಯೋ… ಅಯ್ಯೋ ಶಿವಾನಂದ!" ಮಲ್ಲಿಕಾ ಬಾಯಿಗೆ ಕೈ ಒತ್ತಿಕೊಂಡಳು. ಹೊಸ ಪುಟದಿಂದ ಹಳೆಯದಕ್ಕೆ ಹೋದ್ದರಿಂದ ಕತೆಯನ್ನು ತಾನು ತಿರುಗಾಮುರುಗಾ ಓದಿದ್ದಳು. ಮೊದಲು ಚಿಲಕ ಕಂಡಿತ್ತು. ಚಿಲಕದ ಕಾರಣ ಈಗ ಕಾಣುತ್ತಿತ್ತು. ಅಣ್ಣನಿಗೆ ಹೆಣ್ಣು ಸಿಗಲಿ ಎಂದು ತಂಗಿ ಕಟ್ಟಿಹಾಕಿದ ಮಾತೇ ಅವನನ್ನು ಊರಿನ ಕಣ್ಣಲ್ಲಿ ಕೊಲೆಗಾರನನ್ನಾಗಿ ಮಾಡಿತ್ತು. ಅವನು ಆ ಮಾತು ಮುರಿಯಲೇ ಇಲ್ಲ. ನನ್ನ ಮುಂದೆಯೂ!

ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಒಂದೇ. ಮೊದಲನೆಯ ಪುಟ. ಅದರ ತಳದಲ್ಲಿ ಬರಹ ಉದ್ದವಾಗಿತ್ತು.

'ಹಾಸಿಗಿ ಮ್ಯಾಲ ಮಲಕ್ಕೊಂಡು ಎಲ್ಲಾ ಪುಟದ ತಳಕ್ಕೂ ಒಂದೊಂದ ಮಾತ ಬರದೇನಿ. ಈ ಮೊದಲ ಪುಟದ್ದು ಎಲ್ಲಾಕಿಂತ ಕಡೀಕ ಬರದಿದ್ದು. ಎಲ್ಲಾ ಪುಟ ಪೂರಾ ಉಳಿಸಬೇಕು ಅನ್ನಾವರಿಗಷ್ಟ ಕಾಣ್ಲಿ ಅಂತ. ನೀ ಯಾರೋ ಗೊತ್ತಿಲ್ಲ. ಇಲ್ಲಿತನಕ ಬಂದಿ ಅಂದ್ರ ನನ್ನ ಮ್ಯಾಲ ಜೀವ ಐತಿ ನಿನಗ. ನಮ್ಮಣ್ಣಗ ಒಂದ ಮಾತ ಹೇಳು. ಅವ ಕೊಟ್ಟ ಮಾತು ನಾ ತಿರುಗಿ ಕೊಟ್ಟೇನಿ. ಮಾತ ಇಸಗೊಂಡಿದ್ದು ತಪ್ಪಾತು ಅಂತ ಈಗ ತಿಳಿಯಾಕತ್ತೈತಿ. ಎದರಿಗೆ ಹೇಳಿದ್ರ ಅವ ಕೇಳಂಗಿಲ್ಲ, ಅಳತಾನ. ಇನ್ನ ಬಾಯಿ ಬಿಡು ಅನ್ನು. ನಗು ಅನ್ನು.'

ಮಲ್ಲಿಕಾ ಕಣ್ಣೊರೆಸಿಕೊಂಡಳು. ಚಿತ್ರ ಇನ್ನೂ ಮುಗಿದಿರಲಿಲ್ಲ. ಮತ್ತಷ್ಟು ಬಿಳಿ. ತೀರ ತಳದಲ್ಲಿ…

'ಎರಡೂವರಿಗೆ ಬಸ್ ಐತಿ. ಹೋಗು.'

ಗಡಿಯಾರದಲ್ಲಿ ಎರಡು ಗಂಟೆ ಹದಿನೆಂಟು ನಿಮಿಷ. ಅಕ್ಕಿಆಲೂರಿನಿಂದ ಹಿರೇಕೆರೂರಿಗೆ ಎರಡೂವರೆಗೆ ಬಸ್ ಇರುವುದು ನಿಜ!

ಈ ಒಂದು ಸಾಲಿಗೆ ಮಾತ್ರ ಇವತ್ತಿಗೂ ಉತ್ತರವಿಲ್ಲ. ರೂಢಿಯಂತೆ ಆ ಪುಟದ ಒಳಬರಹವನ್ನೂ ಮಲ್ಲಿಕಾ ಉಳಿಸಿಕೊಂಡಿದ್ದಳು. ಆಮೇಲೆ ಎಷ್ಟು ಸಲ ಹುಡುಕಿದರೂ ಉಳಿದ ಮಾತುಗಳೆಲ್ಲ ಅದರಲ್ಲಿವೆ, ಬಸ್ಸಿನ ಸಾಲು ಇಲ್ಲ. ಚಿತ್ರದಲ್ಲಿ ಮಾತ್ರ ಇದೆ. ಗುಲ್ನಾರ ಕೂಡ ಕಣ್ಣಾರೆ ನೋಡಿದ್ದಾಳೆ.

ಅಂದು ಅದನ್ನೆಲ್ಲ ಯೋಚಿಸಲು ಹೊತ್ತಿರಲಿಲ್ಲ. ಚಿತ್ರಗಳನ್ನು ಫೋನಿಗೆ ಹಾಕಿಕೊಂಡು ಓಡಿದಳು.

"ಗುಲ್ನಾರ, ಶಟರ್ ನೀ ಎಳಿ! ನಾ ಅಬಲೂರಿಗೆ ಹೊಂಟೆ!"

"ಆ ಹುಡುಗನ ಹತ್ರ? ಒಬ್ಬಾಕಿನ? ಮಲ್ಲಿ, ನಿಂದ್ರ!"

"ಅವರದೇನೂ ತಪ್ಪಿಲ್ಲ! ತಪ್ಪ ನಂದು!"

ಸಂಜೆಯ ಬಿಸಿಲು ಅಬಲೂರಿನ ಟೊಮೇಟೊ ಪ್ಲಾಟಿನ ಬಿಳಿ ಪರದೆಯ ಮೇಲೆ ಬಿದ್ದಿತ್ತು. ಕೆಲಸದ ಹೆಣ್ಣುಮಕ್ಕಳು ಮನೆಗೆ ಹೊರಟಿದ್ದರು. ಶಿವಾನಂದ ಒಬ್ಬನೇ ಸಾಲಿನ ನಡುವೆ ಕುಳಿತಿದ್ದ. ಆಕೆಯನ್ನು ಕಂಡು ಎದ್ದು ನಿಂತ.

ಮಲ್ಲಿಕಾ ಫೋನ್ ಮುಂದೆ ಹಿಡಿದಳು. "ಇವು ನಿಮ್ಮ ತಂಗಿ ಮಾತು. ಎಲ್ಲಾ ಪುಟದ ತಳದಾಗ ಇದ್ವು. ನಿಮಗ ಕೊಟ್ಟ ಫೋಟೋದಾಗ ನಾನ ಕತ್ತರಿಸಿದ್ದೆ."

ಅವನು ನಿಂತೇ ಓದತೊಡಗಿದ. ಓದುತ್ತ ಓದುತ್ತ ಕಾಲು ಮಡಿಚಿ ನೆಲಕ್ಕೆ ಕುಳಿತ. ಕೊನೆಯ ಪುಟದ ತನಕ ಓದಿದ. ಆಮೇಲೆ ತಲೆಯೆತ್ತಿದ. ಆ ಕಣ್ಣುಗಳಲ್ಲಿ ಆಕೆ ಎಂದೂ ಕಾಣದ ಬೆಂಕಿ.

"ಏಳ ದಿನ! ನಾ ನಿಮ್ಮ ಬಾಜೂಕ ಕುಂತಿದ್ದೆ. ನನ್ನ ತಂಗಿ ಮಾತ ನಿಮ್ಮ ಹಂತೇಕ ಇತ್ತು. ನನಗ ಕೊಡಲಿಲ್ಲ ನೀವು!"

"ಮೊದಲ ಹೆದರಿದ್ದೆ. ಆಮ್ಯಾಲ… ನಿಮ್ಮನ್ನ ಕೊಲೆಗಾರ ಅಂತ ತಿಳಕೊಂಡೆ. ಮಾಫಿ ಕೇಳೂ ಮುಖಾನೂ ಇಲ್ರಿ ನನಗ."

ಆಮೇಲೆ ಅವನು ಎರಡು ವರ್ಷ ಗಂಟಲಲ್ಲೇ ಇದ್ದದ್ದನ್ನು ಮೆಲ್ಲಗೆ ಹೇಳತೊಡಗಿದ.

"ಕದದ ಆಚಿ ಕುಂತ ಮಾತಾಡತಿದ್ದೆ ಆಕಿ ಜೋಡಿ. ಊಟದ ತಾಟ ಇಡೂ ಮುಂದ ಮುಖಕ್ಕ ಬಟ್ಟಿ ಕಟ್ಟಿಕೋತಿದ್ದೆ. ಕಡೀ ದಿನ ಆಕಿನ ಅಂದ್ಲು, ಅಣ್ಣಾ ಇನ್ನ ತಗಿ, ಇನ್ನೇನ ಆಗತೈತಿ ಅಂತ. ತಗದೆ. ನನ್ನ ತೊಡಿ ಮ್ಯಾಲ ತಲಿ ಇಟ್ಲು. ಅಷ್ಟ…"

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿದ್ದವು. ಹತ್ತಿರ ಹೋಗಬೇಕು, ಆ ತಲೆಯ ಮೇಲೆ ಕೈ ಇಡಬೇಕು ಎನಿಸಿತು ಮಲ್ಲಿಕಾಳಿಗೆ. ಹಾಗೆ ಮಾಡಲು ತನಗೆ ಯಾವ ಅಧಿಕಾರ? ನಿಂತಲ್ಲೇ ನಿಂತಳು.

"ನೀವು ಈಗ ಹೋಗ್ರಿ," ಅಂದ ಅವನು ಕೊನೆಗೆ. "ನನಗ ಆಕಿ ಕೂಡ ಇರಬೇಕು."

ಆಕೆ ಚಿತ್ರಗಳನ್ನೆಲ್ಲ ಅವನ ಫೋನಿಗೆ ಕಳಿಸಿ ಹೋದಳು.

ಮರುದಿನ ದುರಗವ್ವನ ಪುಟ ತೆರೆದರೆ ಬರೀ ಬಿಳಿ. ಅಂಥ ಪುಟವೇ ಇಲ್ಲ ಎಂಬ ಒಂದು ಸಾಲು. ದಿನ ಕಳೆದವು. ಎರಡು ಗಂಟೆ ಬರುತ್ತಿತ್ತು, ಹೋಗುತ್ತಿತ್ತು. ಓಣಿಯ ತಿರುವಿನಲ್ಲಿ ಯಾರೂ ಬರುತ್ತಿರಲಿಲ್ಲ. ಅವನ ತಂಗಿಯ ಮಾತನ್ನು ಕತ್ತರಿಸಿದವಳು ನಾನು, ಯಾಕೆ ಬಂದಾನು? ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದಳು. ಆದರೂ ಕಣ್ಣು ಕೇಳುತ್ತಿರಲಿಲ್ಲ.

ಒಂಬತ್ತನೆಯ ದಿನ ಅಕ್ಕಿಆಲೂರಿನ ಸಂತೆ. ಅಂಗಡಿ ತುಂಬ ಜನ. ಅರ್ಜಿ ತುಂಬುತ್ತಿದ್ದ ಮಲ್ಲಿಕಾ "ಮುಂದಿನವರು ಬರ್ರಿ" ಎಂದಳು.

"ಅರವತ್ತೊಂದ ಫೋಟೋದ ಪ್ರಿಂಟ್ ಬೇಕಾಗಿದ್ವು. ತಳಾ ಕತ್ತರಿಸಲಾರದಂಗ."

ತಲೆಯೆತ್ತಿದಳು. ಶಿವಾನಂದ! ಗುಲ್ನಾರ ಪಕ್ಕದಿಂದ ಬಂದು, "ಎಲ್ಲಾರೂ ಹತ್ತ ನಿಮಿಷ ಹೊರಗ ನಿಂದರ್ರಿ, ಸರ್ವರ್ ಇಲ್ಲ, ಸರ್ವರ್ ಇಲ್ಲ!" ಎಂದು ಜನರನ್ನು ಹೊರಗೆ ಕಳಿಸಿಬಿಟ್ಟಳು.

ಇಬ್ಬರೇ ಉಳಿದರು.

"ಊರಾಗ ಹೇಳಿದೆ," ಎಂದ ಶಿವಾನಂದ. "ಕಟ್ಟಿ ಮ್ಯಾಲ ಕುಂತವರ ಮುಂದ ಎಲ್ಲಾ ಓದಿ ಹೇಳಿದೆ. ಆಕಿ ಗೆಳತ್ಯಾರು ಅತ್ರು. ಕೆಲವರು ಇನ್ನೂ ನಂಬಿಲ್ಲ. ನಂಬದಿದ್ರ ಬಿಡ್ಲಿ."

"ನಾನೂ ನಂಬಲಿಲ್ಲಲ್ರಿ ಮೊದಲ…"

"ಆದ್ರ ನೀವು ಕೇಳಿದ್ರಿ. ಎರಡ ವರ್ಷದಾಗ ನನ್ನ ಮುಖಕ್ಕ ಮುಖಾ ಕೊಟ್ಟು, ಯಾಕ ಅಂತ ಬಾಯಿಬಿಟ್ಟು ಕೇಳಿದಾಕಿ ನೀವೊಬ್ಬರ. ಸಿಟ್ಟ ಇತ್ತು. ಸುಳ್ಳ ಯಾಕ ಹೇಳ್ಲಿ, ಭಾಳ ಸಿಟ್ಟ ಇತ್ತು. ದಿನಾ ಹೊಲದಾಗ ನಿಮ್ಮನ್ನ ಬೈಕೋತ ಕೆಲಸ ಮಾಡಿದೆ. ಬೈಕೋತ ಬೈಕೋತ… ನಿಮ್ಮನ್ನ ಬಿಟ್ಟ ಬ್ಯಾರೇದ ಯಾವ ನೆನಪೂ ಬರಲಿಲ್ಲ."

ಮಲ್ಲಿಕಾಳ ಕಣ್ಣು ತುಂಬಿ ಬಂದವು. ಅವನು ಮತ್ತೆ ನೆಲ ನೋಡಿದ.

"ಈಗ ಜಡ್ಡಿನ ಮಾತೂ ಎಲ್ಲಾರಿಗೂ ಗೊತ್ತಾತು. ಆಕಿ ಹೇಳಿದಂಗ ಆಗೋದ ಇನ್ನ. ನಮ್ಮ ಮನಿಗೆ ಯಾರೂ ಹೆಣ್ಣ ಕೊಡಂಗಿಲ್ಲ."

"ಯಾರೂ ಕೊಡದಿದ್ರ ಬಿಡ್ರಿ." ತನ್ನ ದನಿ ತನಗೇ ಕೇಳದಷ್ಟು ಸಣ್ಣಗಾಗಿತ್ತು. "ಹೆಣ್ಣು ತಾನ ಎದ್ದು ಬಂದ್ರ?"

ಅವನು ತಟ್ಟನೆ ನೋಡಿದ. ನಂಬಲಾಗದವನಂತೆ ಬಹಳ ಹೊತ್ತು ನೋಡಿದ. ಆ ಮುಖದಲ್ಲಿ ನಗು ಮೆಲ್ಲಗೆ, ಹೆದರುತ್ತ ಹೆದರುತ್ತ ಮೂಡಿತು. ಹಳದಿ ಬೆರಳುಗಳು ಮೇಜಿನ ಮೇಲಿಂದ ಆಕೆಯ ಬೆರಳು ಮುಟ್ಟಿದವು.

"ಮನ್ಯಾಗ ಅವ್ವ ಕೇಳ್ತಾಳ," ಎಂದಳು ಮಲ್ಲಿಕಾ, ಕೈ ಬಿಡಿಸಿಕೊಳ್ಳದೆ. "ಹುಡುಗ ಏನ್ ಕೆಲಸ ಮಾಡ್ತಾನ ಅಂತ. ಏನ್ ಹೇಳ್ಲಿ?"

"ಹೂವಿಗೂ ಹೂವಿಗೂ ಮದುವಿ ಮಾಡಸ್ತಾನ ಅಂತ ಹೇಳ್ರಿ."

"ತನ್ನ ಮದುವಿ ಯಾವಾಗ ಅಂತ ಕೇಳಿದ್ರ?"

"ನೀವು ಹೂಂ ಅಂದಾಗ."

ಹೊರಗೆ ಸಂತೆಯ ಗದ್ದಲ. ಜನ ಬಾಗಿಲು ಬಡಿಯುತ್ತಿದ್ದರು.

"ಹೂಂ," ಎಂದಳು ಮಲ್ಲಿಕಾ.